ಪಂಡಿತಾ ರಮಾಬಾಯಿಯವರು ಕಲಿತ ದೀನತ್ವ

ವಿದ್ಯೆಯಿಂದ ವಿನಯವು ಬರುವದೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ ಅದು ತಾನಾಗಿಯೇ ಬರುವದಿಲ್ಲವೆಂಬದನ್ನು ಶಾಲೆಗಳಲ್ಲಿ ಬಹುಕಾಲ ಕೆಲಸಮಾಡಿದ ನಮ್ಮಂಥವರು ಬಲ್ಲೆವು. ತರಗತಿಗೆ ಮೊದಲನೆಯವಳಾದ ಹುಡುಗಿಯು ಹಿಂದಿನ ಬೆಂಚಿನವಳ ತಪ್ಪನ್ನು ಕಂಡು ನಗುವದನ್ನೂ, ಇಂಗ್ಲಿಷ್ ಕಲಿತ ಮಗಳು ಅಕ್ಷರವರಿಯದ ತಾಯಿಯ ಸಂಗಡ ಶಾಲೆಯ ಬಾಗಿಲ ತನಕ ಬರಲು ನಾಚುವದನ್ನೂ ನಾವು ನೋಡಿದ್ದೇವೆ. ಉಪಾಧ್ಯಾಯಿನಿಯರಾದ ನಾವಾದರೂ ಈ ರೋಗಕ್ಕೆ ಹೊರಗಾದವರಲ್ಲ. ಹೀಗಿರುವದರಿಂದ, ವಿದ್ಯೆಯಲ್ಲಿ ನಮ್ಮೆಲ್ಲರಿಗಿಂತ ಬಹಳ ಮೇಲಾಗಿದ್ದು, ಕರ್ತನ ಕೃಪೆಯಿಂದ ಆ ವಿದ್ಯೆಯನ್ನೆಲ್ಲಾ ಕೆಳಗಿಳಿಸುವದಕ್ಕೆ ಕಲಿತ ಒಬ್ಬ ಸ್ತ್ರೀಯ ಜೀವನವನ್ನು ಈ ಸ್ಮರಣ ಸಂಚಿಕೆಯಲ್ಲಿ ಹೇಳಬೇಕೆಂದು ನಮಗೆ ತೋರಿತು. ಪಂಡಿತಾ ರಮಾಬಾಯಿಯವರು ವಿಧವೆಯರಿಗಾಗಿ ಪಟ್ಟ ಪ್ರಯಾಸವನ್ನು ಅನೇಕರು ಬರೆದಿದ್ದಾರೆ. ಅವರ ಮನಸ್ಸು ಹೇಗೆ ತಗ್ಗಿತೆಂಬದನ್ನೇ ಮುಖ್ಯವಾಗಿ ನಾವಿಲ್ಲಿ ನೋಡುವೆವು.

ರಮಾಬಾಯಿಯವರು ನಮ್ಮ ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿದವರು. ಅವರ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಹತ್ತಿರದ ಮಾಳ. ಮನೆಮಾತು ಮರಾಠಿ. ಶಾಸ್ತ್ರಿಗಳು ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸಿನ ಬಾಯಿಂದ ಸಂಸ್ಕೃತವನ್ನು ಕೇಳಿ ಆಶ್ಚರ್ಯಪಟ್ಟ ಆ ಶಿಷ್ಯನು, ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿದನು. ಮುಂದೆ ಪತ್ನಿ ಲಕ್ಷ್ಮೀಬಾಯಿಗೆ ಪಾಠವನ್ನು ಪ್ರಾರಂಭಿಸಿದಾಗ ಬಂಧುಗಳೂ ನೆರೆಯವರೂ ಅಸಮಾಧಾನಪಟ್ಟರು. ಆಗ ಶಾಸ್ತ್ರಿಗಳು ಪತ್ನಿಯನ್ನು ಕರೆದುಕೊಂಡು ಪಶ್ಚಿಮಘಟ್ಟದ ದಟ್ಟಡವಿಯಲ್ಲಿರುವ ಗಂಗಾಮೂಲಕ್ಕೆ ಹೋಗಿ ಆಶ್ರಮವನ್ನು ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತೀ ನದಿಗಳು ಹುಟ್ಟುವ ಆ ಸ್ಥಳವು ಈಗಿನ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು.

ಅತಿಥಿಗಳ ಸತ್ಕಾರದಲ್ಲಿಯೂ ದಾನಧರ್ಮದಲ್ಲಿಯೂ ಶಾಸ್ತ್ರಿಗಳ ಆಸ್ತಿಯು ಕರಗಿಹೋಗಿ ಆಶ್ರಮವನ್ನು ಬಿಡಬೇಕಾಯಿತು. ಆಗ ರಮಾಬಾಯಿಯು ಆರು ತಿಂಗಳ ಕೂಸು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಆ ಕೂಸನ್ನು ಘಟ್ಟದಿಂದ ಇಳಿಸಿದರು. ಅಂದಿನಿಂದ ಆ ಕುಟುಂಬಕ್ಕೆ ನಿಂತ ಮನೆಯೆಂಬದಿಲ್ಲ. ಒಂದು ತೀರ್ಥಕ್ಷೇತ್ರದಿಂದ ಮತ್ತೊಂದಕ್ಕೆ ಹೋಗುವದು, ದೇವಸ್ಥಾನದ ಪ್ರಾಕಾರದಲ್ಲಿ ಕುಳಿತು ಪುರಾಣ ಓದುವದು, ಕೇಳಿದವರು ಕೊಟ್ಟದ್ದರಿಂದ ಜೀವಿಸುವದು, ಇದೇ ಅವರ ಬಾಳು. ಇಂಥ ಅಲೆದಾಟದಲ್ಲಿಯೂ ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದಳು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಹದಿನೆಂಟು ಸಾವಿರ ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾಗಿದ್ದವು. ತಿರುಗಿದ ದೇಶಗಳಲ್ಲಿ ಕನ್ನಡ, ಹಿಂದಿ ಮೊದಲಾದ ಭಾಷೆಗಳೂ ಕಿವಿಯಿಂದಲೇ ಅಭ್ಯಾಸವಾದವು. ಇಂಥ ತಾಯಿಯ ಪಾಠಶಾಲೆಗೆ ಸಮನಾದ ಪಾಠಶಾಲೆಯು ಆ ಕಾಲದ ಹೆಣ್ಣುಮಕ್ಕಳಿಗೆ ಬೇರೆಲ್ಲಿತ್ತು?

ಆದರೆ ಆ ವಿದ್ಯೆಯ ಸಂಗಡ ಇನ್ನೊಂದು ವಸ್ತುವೂ ಮನೆಯಲ್ಲಿ ಬೆಳೆದಿತ್ತೆಂದು ರಮಾಬಾಯಿಯವರೇ ಮುಂದೆ ಸಂಕೋಚವಿಲ್ಲದೆ ಬರೆದಿದ್ದಾರೆ. ಅದು ಉಚ್ಚಕುಲದ ಅಭಿಮಾನ. ಕೈಯಿಂದ ದುಡಿಯುವ ಕೆಲಸವು ತಮ್ಮಂಥವರಿಗೆ ತಕ್ಕದ್ದಲ್ಲ, ಭಿಕ್ಷೆ ಬೇಡುವದು ಮಾನಕ್ಕೆ ಕುಂದು ಎಂದು ಅವರೆಲ್ಲರೂ ಎಣಿಸಿದ್ದರು. 1870ರ ದಶಕದಲ್ಲಿ ದಕ್ಷಿಣದೇಶದಲ್ಲಿ ಬರಗಾಲ ಬಿದ್ದಾಗ ಈ ಅಭಿಮಾನದ ಬೆಲೆಯನ್ನು ಅವರು ತೆರಬೇಕಾಯಿತು. ಒಡವೆಗಳೂ ಪಾತ್ರೆಗಳೂ ಮಾರಿಹೋದವು. ಕಡೆಗೆ ನೀರೂ ಎಲೆಗಳೂ ಮಾತ್ರ ಆಹಾರವಾದವು. ಆಗ ಅಣ್ಣನಾದ ಶ್ರೀನಿವಾಸನು ಕುಲದ ಅಭಿಮಾನವನ್ನು ಬದಿಗಿಟ್ಟು ಕೂಲಿ ಮಾಡಿಯಾದರೂ ತಂದೆತಾಯಿಗಳನ್ನು ಸಾಕುವೆನೆಂದು ಮುಂದೆ ಬಂದನು. ಆದರೆ ಕಾಲ ಮೀರಿತ್ತು. ತಂದೆಯು ತೀರಿಕೊಂಡನು. ಕೆಲವೇ ತಿಂಗಳುಗಳಲ್ಲಿ ತಾಯಿಯೂ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರುವದಕ್ಕೆ ಇಬ್ಬರು ಬ್ರಾಹ್ಮಣರು ಮಾತ್ರ ಬಂದದ್ದರಿಂದ, ಅಣ್ಣನು ಮೂರನೆಯವನಾಗಿ, ತಂಗಿಯು ನಾಲ್ಕನೆಯವಳಾಗಿ ಚಟ್ಟಕ್ಕೆ ಕೈಕೊಟ್ಟರು. ರಮಾಬಾಯಿಯು ಗಿಡ್ಡವಾಗಿದ್ದುದರಿಂದ ತನ್ನ ಭಾಗವನ್ನು ತಲೆಯ ಮೇಲೆ ಹೊತ್ತುಕೊಂಡು ಸ್ಮಶಾನದ ವರೆಗೂ ನಡೆದಳು.

ಅಣ್ಣತಂಗಿಯರು ಅಲ್ಲಿಂದ ಸಾವಿರಾರು ಮೈಲುಗಳನ್ನು ಕಾಲ್ನಡೆಯಿಂದ ತಿರುಗಿದರು. ಪಂಜಾಬಿನಲ್ಲಿ ಝೀಲಮ್ ನದಿಯ ದಡದಲ್ಲಿ ಹೊದಿಯಲು ಬಟ್ಟೆಯಿಲ್ಲದೆ, ಗೋರಿಯಂಥ ಎರಡು ಗುಂಡಿಗಳನ್ನು ತೋಡಿ, ಕೊರಳ ವರೆಗೆ ಒಣ ಮರಳನ್ನು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಇಷ್ಟು ಕಷ್ಟವನ್ನುಂಡ ಮೇಲೆ ಅಭಿಮಾನವು ಸತ್ತೇ ಹೋಗಿರಬೇಕೆಂದು ನಾವು ಎಣಿಸಬಹುದು. ಅದು ಹಾಗಲ್ಲ. ಹಸಿವಿಗೂ ಚಳಿಗೂ ದೇಹವು ಬಾಗುತ್ತದೆ. ಮನಸ್ಸನ್ನು ಬಾಗಿಸುವ ಶಕ್ತಿ ಅವಕ್ಕಿಲ್ಲ.

1878ರಲ್ಲಿ ಅವರು ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿಯು ನಿರರ್ಗಳವಾಗಿ ಸಂಸ್ಕೃತವನ್ನಾಡುವಳೆಂಬ ವಾರ್ತೆ ಊರೆಲ್ಲಾ ಹಬ್ಬಿತು. ವಿದ್ವಾಂಸರು ಕೂಡಿ ಆಕೆಯನ್ನು ಪರೀಕ್ಷಿಸಿ, ಮೆಚ್ಚಿ, ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನಿತ್ತರು. ಅಲ್ಲಿಯ ಕ್ರೈಸ್ತರು ಈ ಅಣ್ಣತಂಗಿಯರನ್ನು ಒಂದು ಕೂಟಕ್ಕೆ ಕರೆದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು ಇಂಗ್ಲಿಷರ ಸಂಗಡ ಕುಳಿತು ಚಹ ಕುಡಿಯುವದನ್ನು ಕಂಡು, ಕಲಿಯುಗವು ಪೂರ್ಣವಾಗಿ ಬಂತೆಂದು ಇವರಿಬ್ಬರೂ ತೀರ್ಮಾನಿಸಿದರು. ಪ್ರಾರ್ಥನೆಗಾಗಿ ಅವರು ಕುರ್ಚಿಗಳ ಮುಂದೆ ಮೊಣಕಾಲೂರಿದಾಗ, ಈ ಜನರು ಕುರ್ಚಿಗಳನ್ನೇ ಪೂಜಿಸುತ್ತಾರೆಂದು ತಿಳಿದರು! ಮುಂದೆ ಲಕ್ಷಾಂತರ ಜನರಿಗೆ ಕ್ರಿಸ್ತನ ದಾಸಿಯೆಂದು ಗುರುತಾದಾಕೆಯು ಮೊದಲ ಸಲ ಕ್ರೈಸ್ತರ ಪ್ರಾರ್ಥನೆಯನ್ನು ನೋಡಿದ್ದು ಹೀಗೆ.

ಗೌರವದ ದಿನಗಳು ಬಹುಕಾಲ ಉಳಿಯಲಿಲ್ಲ. 1880ರಲ್ಲಿ ಅಣ್ಣನು ಢಾಕಾದಲ್ಲಿ ಮರಣಹೊಂದಿದನು. ಅದೇ ವರ್ಷದಲ್ಲಿ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಕುಲಭೇದವನ್ನೆಣಿಸದೆ, ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿಗೆ ಹೋದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ತೀರಿಕೊಂಡನು. ಸಿಲ್ಚಾರಿನ ಆ ಮನೆಯ ಪುಸ್ತಕಗಳ ನಡುವೆಯೇ ಲೂಕನು ಬರೆದ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಆಕೆಯ ಕೈಗೆ ಸಿಕ್ಕಿತ್ತು.

ಇಪ್ಪತ್ತನಾಲ್ಕನೆಯ ವರ್ಷದಲ್ಲಿ ವಿಧವೆಯಾಗಿ, ಕೈಗೂಸಿನೊಡನೆ ಪುಣೆಗೆ ಬಂದ ರಮಾಬಾಯಿಯವರು ಸುಮ್ಮನೆ ಮೂಲೆ ಸೇರಲಿಲ್ಲ. ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಂಗಸರೇ ಉಪಾಧ್ಯಾಯಿನಿಯರೂ ವೈದ್ಯರೂ ಆಗಬೇಕೆಂದು ಸಾಕ್ಷಿ ಕೊಟ್ಟರು. ತಾವೇ ವೈದ್ಯವಿದ್ಯೆಯನ್ನು ಕಲಿತು ಬರಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಪ್ರಯಾಣಮಾಡಿದರು. ಅಲ್ಲಿ ಕಿವುಡುತನವು ಅಡ್ಡಬಂತು. ರೋಗಿಯ ಎದೆಯ ಬಡಿತವನ್ನು ಕೇಳಲಾರದವರು ವೈದ್ಯರಾಗುವದೆಂತು? ಸಾವಿರಾರು ಶ್ಲೋಕಗಳನ್ನು ಕಿವಿಯಿಂದಲೇ ಕಲಿತವರಿಗೆ ಆ ಕಿವಿಯೇ ಸೋತದ್ದು ಎಷ್ಟು ಕಹಿಯಾಗಿರಬೇಕೆಂದು ನಾವು ಊಹಿಸಬಹುದು.

ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಅವರು ಇಳಿದುಕೊಂಡಿದ್ದರು. ಆ ಸಹೋದರಿಯರು ಲಂಡನಿನ ಫುಲಂ ಎಂಬಲ್ಲಿ, ದಾರಿತಪ್ಪಿದ ಸ್ತ್ರೀಯರಿಗಾಗಿ ನಡಿಸುತ್ತಿದ್ದ ಆಶ್ರಯಗೃಹಕ್ಕೆ ಅವರನ್ನು ಕರೆದುಕೊಂಡು ಹೋದರು. ಲೋಕವೆಲ್ಲಾ ಹೊರಗೆ ದೂಡಿದ ಹೆಂಗಸರನ್ನು ಸತ್ಕುಲದ ಸ್ತ್ರೀಯರು ಮುಟ್ಟಿ ಉಪಚರಿಸುವದನ್ನೂ, ಹಾಗೆ ಉಪಚಾರ ಹೊಂದಿದವರೇ ಬದಲಾಗಿ ಇತರರ ಸೇವೆಗೆ ನಿಂತಿರುವದನ್ನೂ ರಮಾಬಾಯಿಯವರು ಕಂಡರು. ಅಂಥದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ, ಯೇಸು ಸ್ವಾಮಿಯು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನ ಸಂಗಡ ಮಾತಾಡಿದ ಕಥೆಯನ್ನು ಒಬ್ಬ ಸಹೋದರಿಯು ಓದಿ ತಿಳಿಸಿದಳು. ಆ ದಿನ ಅವರ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿತು. 1883ರ ಸೆಪ್ಟೆಂಬರ್ 29ರಂದು ಅವರೂ ಚಿಕ್ಕ ಮನೋರಮೆಯೂ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿಗೆ ಕಥೆಯನ್ನು ಮುಗಿಸಿಬಿಡುವದು ಸುಲಭ. ದೀಕ್ಷಾಸ್ನಾನವಾಯಿತು, ಗರ್ವವು ಹೋಯಿತು ಎಂದು ಬರೆದರೆ ಓದುವವರಿಗೂ ಹಿತವಾಗಿರುವದು. ಆದರೆ ಅದು ನಿಜವಲ್ಲ. ವಾಂಟೇಜಿನ ಸಹೋದರಿ ಜೆರಾಲ್ಡೀನ್ ಎಂಬವರು ರಮಾಬಾಯಿಯವರಿಗೆ ಆತ್ಮಿಕ ತಾಯಿಯಂತಿದ್ದರು. ಇವರಿಬ್ಬರ ನಡುವಣ ಪತ್ರಗಳು 1977ರಲ್ಲಿ ಪುಸ್ತಕವಾಗಿ ಅಚ್ಚಾದವು. ಅವುಗಳಲ್ಲಿ ಪ್ರೀತಿಯೂ ಇದೆ, ತೀಕ್ಷ್ಣವಾದ ವಾದವೂ ಇದೆ. ಸಭೆಯ ಬೋಧನೆಗಳನ್ನು ರಮಾಬಾಯಿಯವರು ಒಂದೊಂದಾಗಿ ಪ್ರಶ್ನಿಸಿದರು. ಕೊರಳಿಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಮಾತುಗಳೇಕೆ, ಸಂಸ್ಕೃತವೇಕಿರಬಾರದು ಎಂದು ಕೇಳಿದರು. ಮಾಂಸವನ್ನು ಮುಟ್ಟಲಿಲ್ಲ. 1884ರಿಂದ ಚೆಲ್ಟನಂ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತವನ್ನು ಕಲಿಸುತ್ತಾ ಇದ್ದಾಗ, ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಭಾರತದಲ್ಲಿ ಕೆಲಸಮಾಡುತ್ತಿದ್ದ ಬಿಷಪರು ಅದು ಯುಕ್ತವಲ್ಲವೆಂದು ತಡೆದರು. ಸ್ವದೇಶದಲ್ಲಿ ಪಂಡಿತರ ಸಭೆಗಳಲ್ಲಿಯೇ ಮಾತಾಡಿದ ರಮಾಬಾಯಿಯವರು ಇದನ್ನು ಒಪ್ಪಲಿಲ್ಲ. ಇದೆಲ್ಲವೂ ಗರ್ವವೆಂದು ಸಹೋದರಿ ಜೆರಾಲ್ಡೀನರಿಗೆ ತೋರಿತು. ತನ್ನ ಮನಸ್ಸಾಕ್ಷಿಯನ್ನು ದೇವರ ಹೊರತು ಬೇರೊಬ್ಬರ ಕೈಗೆ ಕೊಡಲಾರೆನೆಂಬದೇ ರಮಾಬಾಯಿಯವರ ನಿಲುವಾಗಿತ್ತು.

ಈ ವಾದದಲ್ಲಿ ಯಾರು ಸರಿಯೆಂದು ನಾವು ಬಹಳ ಸಲ ಯೋಚಿಸಿದ್ದೇವೆ. ಮಿಶನ್ ಶಾಲೆಯಲ್ಲಿ ಬೆಳೆದು ಅದರಲ್ಲಿಯೇ ಸೇವೆಮಾಡುವ ನಮಗೆ ಇದು ಪುಸ್ತಕದ ಪ್ರಶ್ನೆ ಮಾತ್ರವಲ್ಲ. ಹೆಣ್ಣುಮಕ್ಕಳಿಗೆ ದೀನತ್ವವನ್ನು ಕಲಿಸುವೆವೆಂದು ಹೇಳಿ ಬರೀ ಸುಮ್ಮನಿರುವದನ್ನು ಕಲಿಸುವ ಅಪಾಯವುಂಟು. ಪ್ರಶ್ನಿಸುವದೆಲ್ಲಾ ಗರ್ವವಲ್ಲ, ತಲೆಬಾಗಿಸುವದೆಲ್ಲಾ ದೀನತ್ವವೂ ಅಲ್ಲ. ಮೇಲಿನವರ ಎದುರಿನಲ್ಲಿ ಧೈರ್ಯವಾಗಿ ನಿಂತ ರಮಾಬಾಯಿಯವರನ್ನು ಗರ್ವಿಷ್ಠೆಯೆನ್ನಲು ನಮಗೆ ಮನಸ್ಸಿಲ್ಲ. ಮನುಷ್ಯರ ಗರ್ವವು ತಿಳಿಯುವದು ಮೇಲಿನವರ ಎದುರಿನಲ್ಲಿ ಅಲ್ಲ, ಕೆಳಗಿನವರ ಎದುರಿನಲ್ಲಿ. ಆ ಪರೀಕ್ಷೆಯು ಅವರಿಗೆ ಇನ್ನೂ ಮುಂದಿತ್ತು.

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಪದವಿಯನ್ನು ಹೊಂದುವದನ್ನು ನೋಡುವದಕ್ಕಾಗಿ ಹೋದವರು ಅಲ್ಲಿಯೇ ಊರೂರು ತಿರುಗಿ ಉಪನ್ಯಾಸ ಕೊಟ್ಟರು. ಉಚ್ಚಕುಲದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನು ಬರೆದರು. ವಿಧವೆಯರ ಶಾಲೆಗೆ ಹಣ ಕೂಡಿಸಲು ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಏರ್ಪಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮೊದಲು ಬಂದ ವಿಧವೆ ವಿದ್ಯಾರ್ಥಿನಿಯು ಗೋದೂಬಾಯಿ. ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾಗಿ ಆನಂದೀಬಾಯಿ ಕರ್ವೆಯೆಂದು ಪ್ರಸಿದ್ಧಿಹೊಂದಿದಾಕೆ ಇವಳೇ. ಮರುವರ್ಷ ಸದನವು ಪುಣೆಗೆ ಬಂತು.

ಹೀಗೆ ಎರಡು ಖಂಡಗಳಲ್ಲಿ ಹೆಸರು ಹಬ್ಬಿದ್ದ ಕಾಲದಲ್ಲಿ, 1891ರ ಸುಮಾರಿಗೆ, ಅವರ ಒಳಗಿನ ಬಡತನವು ಅವರಿಗೇ ಗೋಚರವಾಯಿತು. ಹಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯು ತನ್ನ ಆತ್ಮಾನುಭವವನ್ನು ಬರೆದ ಪುಸ್ತಕವು ಅವರ ಕೈಸೇರಿತು. ಆ ಪಾದ್ರಿಯು ವರ್ಷಗಟ್ಟಲೆ ಸಭಾಸೇವೆಯನ್ನು ಮಾಡಿದ ಮೇಲೆಯೇ ತಾನು ಇನ್ನೂ ಕ್ರಿಸ್ತನನ್ನು ಅರಿಯಲಿಲ್ಲವೆಂದು ಕಂಡುಕೊಂಡವನು. ಓದುತ್ತಾ ಓದುತ್ತಾ ರಮಾಬಾಯಿಯವರಿಗೆ ತಮ್ಮದೇ ಚಿತ್ರವು ಅದರಲ್ಲಿ ಕಾಣಿಸಿತು. ತಾವು ಕ್ರೈಸ್ತ ಮತವನ್ನು ಬುದ್ಧಿಯಿಂದ ಪರೀಕ್ಷಿಸಿ, ಒಳ್ಳೆಯದೆಂದು ಒಪ್ಪಿ ಸ್ವೀಕರಿಸಿದ್ದೇ ಹೊರತು, ಕ್ರಿಸ್ತನನ್ನೇ ರಕ್ಷಕನೆಂದು ಹಿಡಿದಿರಲಿಲ್ಲವೆಂದು ಅವರು ಒಪ್ಪಿಕೊಂಡರು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾಗಿದ್ದವು. ಪಂಡಿತೆಯು ಧರ್ಮವನ್ನು ತೂಗಿ ನೋಡಿ ಆರಿಸಿಕೊಂಡಿದ್ದಳು. ಈಗ ಪಾಪಿಯೊಬ್ಬಳು ಕರ್ತನ ಮುಂದೆ ಬರಿಗೈಯಿಂದ ನಿಂತಳು. ಮಹಾ ವಿದುಷಿಯೆಂದು ಲೋಕವು ಹೊಗಳುತ್ತಿರುವಾಗ, ತಾನು ಇನ್ನೂ ಆರಂಭದ ಪಾಠದಲ್ಲಿಯೇ ಇರುವೆನೆಂದು ಹೇಳುವದು ಎಷ್ಟು ಕಷ್ಟವೆಂಬದನ್ನು ಕಲಿತವರೇ ಬಲ್ಲರು.

ಇದಾದ ಮೇಲೆ ಪುಣೆಯಲ್ಲಿ ಗದ್ದಲವೆದ್ದಿತು. ರಮಾಬಾಯಿಯವರು ಬೆಳಗಿನಲ್ಲಿ ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳುತ್ತಿದ್ದರು. ಮತಪ್ರಚಾರ ಮಾಡುವದಿಲ್ಲವೆಂಬ ಮಾತಿಗೆ ಇದು ವಿರೋಧವೆಂದು 1893ರಲ್ಲಿ ಸಲಹಾ ಮಂಡಲಿಯ ಹಿರಿಯರು ರಾಜೀನಾಮೆ ಕೊಟ್ಟರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಕ್ಕಳನ್ನು ನಂಬಿ ಬಿಟ್ಟ ತಂದೆತಾಯಿಗಳ ಕಳವಳವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಶಾಲೆ ನಡಿಸುವವರೆಲ್ಲರೂ ಅದನ್ನು ಗೌರವಿಸಲೇಬೇಕು. ಪತ್ರಿಕೆಗಳು ನಿಂದಿಸಿದವು. ಹಿಂದೆ ಹೂಮಾಲೆ ಹಾಕಿದ ಜನರೇ ಮುಖ ತಿರುಗಿಸಿದರು. ರಮಾಬಾಯಿಯವರು ಉಳಿದ ಮಕ್ಕಳೊಡನೆ ಕೆಲಸವನ್ನು ಮುಂದುವರಿಸಿದರು.

ಆ ಮೇಲೆ ಬಂತು ಅವರ ನಿಜವಾದ ಪರೀಕ್ಷೆ. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಕ್ಷಾಮವುಂಟಾಯಿತು. ಪತ್ರಿಕೆಯಲ್ಲಿ ಓದಿದ ಸಮಾಚಾರವು ಅವರ ಬಾಲ್ಯದ ಹಸಿವನ್ನು ಎಬ್ಬಿಸಿತು. ಕೈಯಲ್ಲಿ ಹಣವಿಲ್ಲದಿದ್ದರೂ ಹೊರಟುಹೋದರು. ಕ್ಷಾಮಪರಿಹಾರದ ಕೆಲಸ ನಡೆಯುತ್ತಿದ್ದ ಸ್ಥಳಗಳಲ್ಲಿ ಎಲುಬುಗೂಡುಗಳಾದ ಹುಡುಗಿಯರನ್ನೂ, ಅವರನ್ನು ಕೊಂಡೊಯ್ಯಲು ಹೊಂಚುವ ದುಷ್ಟರನ್ನೂ ಕಂಡರು. ಮುನ್ನೂರರಷ್ಟು ಹುಡುಗಿಯರನ್ನು ಕರೆದುತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುನಿಟ್ಟುಗಳಿದ್ದ ಕಾರಣ ಅಷ್ಟು ಜನರನ್ನು ಅಲ್ಲಿ ಇರಿಸಿಕೊಳ್ಳಲು ಅನುಮತಿಯಿರಲಿಲ್ಲ. ಅಲ್ಲಿಂದ ಮೂವತ್ತು ಮೈಲಿಗಿಂತ ಸ್ವಲ್ಪ ಹೆಚ್ಚು ದೂರದ ಕೇಡಗಾಂವಿನಲ್ಲಿ ಸದನದ ಆದಾಯಕ್ಕಾಗಿ ಕೊಂಡಿದ್ದ ಹೊಲವೊಂದಿತ್ತು. ಆ ಬಯಲಿನಲ್ಲಿ ಗುಡಿಸಲುಗಳನ್ನು ಎಬ್ಬಿಸಿದರು. ಅದೇ ಮುಕ್ತಿ ಸದನವಾಯಿತು.

ಓದುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಶಾರದಾ ಸದನಕ್ಕೆ ಬಂದಿದ್ದವರು ಹೆಚ್ಚಾಗಿ ಉಚ್ಚಕುಲದ ವಿಧವೆಯರು. ಅಲ್ಲಿ ಅಡಿಗೆ ಊಟಗಳಲ್ಲಿ ಕುಲದ ನಿಯಮವನ್ನು ಪಾಲಿಸಲು ಅವಕಾಶವಿತ್ತು. ಕ್ಷಾಮದಿಂದ ಬಂದವರಾದರೋ ರೈತರ, ಕೂಲಿಯವರ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು. ಅವರ ತಲೆಯಲ್ಲಿ ಹೇನು, ಮೈಯಲ್ಲಿ ಹುಣ್ಣು, ಬಾಯಲ್ಲಿ ಬೈಗುಳ. ಹಸಿವಿನ ಭಯದಿಂದ ಅನ್ನವನ್ನು ಕದ್ದು ಬಚ್ಚಿಡುತ್ತಿದ್ದರು. ಇವರ ಸ್ನಾನ, ಔಷಧ, ಊಟಗಳ ಭಾರವನ್ನು ಸದನದ ಹಿರಿಯ ಹುಡುಗಿಯರು ಗುಂಪುಗುಂಪಾಗಿ ವಹಿಸಿಕೊಂಡರು. ಬರಗಾಲದಲ್ಲಿಯೂ ಕೂಲಿಯ ಕೆಲಸಕ್ಕೆ ಕೈನೀಡಲಾರದಷ್ಟು ಅಭಿಮಾನದಲ್ಲಿ ಬೆಳೆದ ರಮಾಬಾಯಿಯವರು ಈಗ ಹೊಲ ಉಳುವದು, ಬಾವಿ ತೋಡುವದು, ನೇಯುವದು, ಎಣ್ಣೆ ತೆಗೆಯುವದು, ಹೈನು ಇವುಗಳನ್ನೆಲ್ಲಾ ಮಾನದ ವಿದ್ಯೆಗಳೆಂದು ತಮ್ಮ ಮಕ್ಕಳಿಗೆ ಕಲಿಸಿದರು. ತಾವು ವಿಧವೆಯ ಸಾದಾ ಬಿಳೀ ಸೀರೆಯನ್ನೇ ಉಟ್ಟರು. 1900ರ ಗುಜರಾತಿನ ಕ್ಷಾಮದ ತರುವಾಯ ಮುಕ್ತಿಯಲ್ಲಿ ಎರಡು ಸಾವಿರದ ಸಮೀಪ ಜನರಿದ್ದರು. ಫುಲಂನಲ್ಲಿ ಕಂಡದ್ದನ್ನು ಮರೆಯದೆ, ಮೋಸಹೋದ ಸ್ತ್ರೀಯರಿಗೆ ಕೃಪಾ ಸದನವನ್ನು ಕಟ್ಟಿದರು. ಕುರುಡರಿಗಾಗಿ ಪ್ರತ್ಯೇಕವಾದ ಮನೆಯಿತ್ತು. ಅವರಿಗೆ ಬೆರಳಿನಿಂದ ಓದುವ ವಿದ್ಯೆಯನ್ನು ಮನೋರಮೆಯವರು ಕಲಿಸಿದರು. ಕರ್ತನು ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ಸಂಗತಿಯನ್ನು ನಾವೆಲ್ಲರೂ ವರ್ಷಕ್ಕೊಮ್ಮೆಯಾದರೂ ಓದುತ್ತೇವೆ. ಕೇಡಗಾಂವಿನಲ್ಲಿ ಅದು ದಿನದ ಕೆಲಸವಾಗಿತ್ತು.

ಹಾಗಾದರೆ ಆ ಹದಿನೆಂಟು ಸಾವಿರ ಶ್ಲೋಕಗಳೇನಾದವು? ಸರಸ್ವತಿಯೆಂಬ ಬಿರುದಿಗೆ ತಕ್ಕ ಆ ವಿದ್ಯೆಯನ್ನು ದೇವರು ಎತ್ತಿಬಿಟ್ಟನೋ? ಇಲ್ಲ. ಅದಕ್ಕೊಂದು ಕೆಲಸವನ್ನು ಇಟ್ಟಿದ್ದನು. ಆಗ ಪ್ರಚಾರದಲ್ಲಿದ್ದ ಮರಾಠಿ ಬೈಬಲಿನ ಭಾಷೆಯು ಹಳ್ಳಿಯ ಹೆಂಗಸರಿಗೆ ಎಟುಕುವಂತಿರಲಿಲ್ಲ. ಹೊಸದಾಗಿ ಅಕ್ಷರ ಕಲಿತ ತಮ್ಮ ಹುಡುಗಿಯರು ಪದಪದಕ್ಕೂ ತಡೆಯುವದನ್ನು ರಮಾಬಾಯಿಯವರು ನೋಡಿದರು. ಆದುದರಿಂದ, ನಡುವಯಸ್ಸು ದಾಟಿದ ಮೇಲೆ, ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನೆಲ್ಲಾ ಮೂಲದಿಂದ ಸರಳವಾದ ಮರಾಠಿಗೆ ತಿರುಗಿಸಲು ಕುಳಿತರು. ಸುಮಾರು ಹದಿನೆಂಟು ವರ್ಷ ಆ ಕೆಲಸ ನಡೆಯಿತು. ಮುಕ್ತಿಯ ಅಚ್ಚುಕೂಟದಲ್ಲಿ ಹೆಂಗಸರೇ ಮೊಳೆಗಳನ್ನು ಜೋಡಿಸಿ ಅದನ್ನು ಮುದ್ರಿಸಿದರು.

ಈ ಭಾಷಾಂತರವೇ ರಮಾಬಾಯಿಯವರ ದೀನತ್ವದ ಮುದ್ರೆಯೆಂದು ನಾವು ನೆನಸುತ್ತೇವೆ. ಪಂಡಿತರಿಗೆ ಕಠಿಣವಾಗಿ ಬರೆಯುವದು ಕಷ್ಟವಲ್ಲ, ಅದು ಅಭ್ಯಾಸ. ಸಮಾಸಗಳೂ ಅಲಂಕಾರಗಳೂ ಅವರ ನಾಲಿಗೆಯ ತುದಿಯಲ್ಲಿದ್ದವು. ಒಂದು ಶ್ಲೋಕವನ್ನು ಹೇಳಿದರೆ ಕಲಕತ್ತೆಯ ಸಭೆಯು ಮತ್ತೊಮ್ಮೆ ತಲೆದೂಗುತ್ತಿತ್ತು. ಅಂಥ ಪದಗಳನ್ನು ಒಂದೊಂದಾಗಿ ಬದಿಗಿಟ್ಟು, ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ತಿಳಿಯುವ ಮಾತನ್ನು ಹುಡುಕುತ್ತಾ ಹದಿನೆಂಟು ವರ್ಷ ಕಳೆದರು. ಸುಲಭವಾದ ಮಾತನ್ನು ಹುಡುಕುವದಕ್ಕೂ ಪಾಂಡಿತ್ಯವೇ ಬೇಕು, ಆದರೆ ಹೀಗೆ ಬಳಸಿದ ಪಾಂಡಿತ್ಯವು ಯಾರ ಕಣ್ಣಿಗೂ ಬೀಳುವದಿಲ್ಲ.

ಕೊನೆಯ ವರ್ಷಗಳಲ್ಲಿ ದುಃಖವು ಮತ್ತೆ ಬಂತು. ಮಗಳು ಮನೋರಮೆಯವರು ತಾಯಿಯ ಬಲಗೈಯಾಗಿದ್ದರು. ತಾಯಿಮಕ್ಕಳು ನಮ್ಮ ನಾಡನ್ನು ಮರೆತಿರಲಿಲ್ಲ. ಈಗ ಕಲಬುರಗಿಯೆಂದು ಕರೆಯಲ್ಪಡುವ ಗುಲ್ಬರ್ಗದಲ್ಲಿ, ಆಗ ನಿಜಾಮರ ಆಳಿಕೆಯಿದ್ದಾಗ, 1912ರ ಸುಮಾರಿಗೆ ಒಂದು ಕ್ರೈಸ್ತ ಶಾಲೆಯು ಅವರ ಪ್ರಯತ್ನದಿಂದ ಪ್ರಾರಂಭವಾಯಿತು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರೆ ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲಾಯಿಯಲ್ಲಿ ಮನೋರಮೆಯವರು ನಾಲ್ವತ್ತನೆಯ ವರ್ಷದಲ್ಲಿ ತೀರಿಕೊಂಡರು. ತಾಯಿಯು ಆ ಶೋಕವನ್ನು ಹೊತ್ತುಕೊಂಡೇ ಭಾಷಾಂತರವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಪೂರ್ಣ ಸತ್ಯವೇದವು ಅಚ್ಚಾಗಿ ಹೊರಬಂದದ್ದು 1924ರಲ್ಲಿ. ತಮ್ಮ ಮಹಾಕಾರ್ಯವನ್ನು ಪುಸ್ತಕರೂಪದಲ್ಲಿ ಅವರು ನೋಡಲಿಲ್ಲ. 1989ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ಕೇಡಗಾಂವಿನ ಮುಕ್ತಿ ಸಂಸ್ಥೆಯು ಇಂದೂ ನಡೆಯುತ್ತಿದೆ.

ಈ ಜೀವನವನ್ನು ಓದಿದಾಗಲೆಲ್ಲಾ ನಮಗೆ ನಮ್ಮ ಮೊದಲನೆಯ ವರ್ಷದ ಕೆಲಸವು ನೆನಪಿಗೆ ಬಂದು ನಾಚಿಕೆಯಾಗುತ್ತದೆ. ತರಬೇತಿಯನ್ನು ಮುಗಿಸಿ ಬಂದ ಹೊಸದರಲ್ಲಿ, ಕೆಳಗಿನ ತರಗತಿಯ ಮಕ್ಕಳಿಗೆ ನಾವು ಬಹಳ ದೊಡ್ಡ ದೊಡ್ಡ ಮಾತುಗಳಿಂದ ಪಾಠ ಹೇಳುತ್ತಿದ್ದೆವು. ಮಕ್ಕಳು ಸದ್ದಿಲ್ಲದೆ ಕುಳಿತಿರುವದನ್ನು ಕಂಡು, ನಮ್ಮ ಪಾಠದ ಸೊಗಸಿಗೆ ಬೆರಗಾಗಿದ್ದಾರೆಂದು ಸಂತೋಷಪಟ್ಟೆವು. ಪರೀಕ್ಷೆಯ ದಿನ ನಿಜವು ತಿಳಿಯಿತು. ಒಬ್ಬಳಿಗೂ ಏನೂ ಅರ್ಥವಾಗಿರಲಿಲ್ಲ. ಕೇಳಲು ಧೈರ್ಯವೂ ಆಗಿರಲಿಲ್ಲ. ನಾವು ಆ ಮಕ್ಕಳನ್ನು ದಡ್ಡರೆಂದು ಬೈದು ಮನೆಗೆ ಹೋದೆವು. ತಪ್ಪು ಯಾರದೆಂದು ಒಪ್ಪಿಕೊಳ್ಳುವದಕ್ಕೆ ನಮಗೆ ಬಹಳ ದಿನ ಹಿಡಿಯಿತು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕ್ರೈಸ್ತರೂ ಇದ್ದೀರಿ, ಇತರ ಮತದವರೂ ಇದ್ದೀರಿ. ಎಲ್ಲರಿಗೂ ನಾವು ಹೇಳುವದು ಒಂದೇ. ಚೆನ್ನಾಗಿ ಕಲಿಯಿರಿ. ಕಡಿಮೆ ಕಲಿತರೆ ದೀನರಾಗುವಿರೆಂದು ಎಣಿಸಬೇಡಿರಿ. ಅನ್ಯಾಯವನ್ನು ಕಂಡಾಗ ಪ್ರಶ್ನಿಸಿರಿ, ಅದಕ್ಕಾಗಿ ಯಾರಾದರೂ ನಿಮ್ಮನ್ನು ಗರ್ವಿಷ್ಠರೆಂದರೆ ಅಂಜಬೇಡಿರಿ. ಆದರೆ ಈ ಸಂಜೆ ಮನೆಗೆ ಹೋದಾಗ, ಪಾತ್ರೆ ತೊಳೆಯುವವಳೊಡನೆಯೂ, ಅಕ್ಷರವರಿಯದ ಅಜ್ಜಿಯೊಡನೆಯೂ, ಪಾಠ ತಿಳಿಯದ ತಮ್ಮನೊಡನೆಯೂ ನಿಮ್ಮ ಮಾತು ಹೇಗಿದೆಯೆಂದು ಕಿವಿಗೊಟ್ಟು ಕೇಳಿಕೊಳ್ಳಿರಿ. ನಿಮ್ಮ ವಿದ್ಯೆಯು ಎಲ್ಲಿಗೆ ಬಂದಿದೆಯೆಂಬದು ಅಲ್ಲಿ ತಿಳಿಯುವದು. ಪಂಡಿತೆಯನ್ನು ಬಡವರ ಬಾಗಿಲಿಗೆ ಇಳಿಸಿದ ಕರ್ತನು ನಿಮ್ಮನ್ನೂ ನಮ್ಮನ್ನೂ ಹಾಗೆಯೇ ನಡಿಸಲಿ.